ನಿವ್ವಳ ತೂಕ ನಮೂದಿಸಿಲ್ಲ

ಮಾರ್ಚ್ ೪, ಸೋಮವಾರ

ಆಸ್ಪತ್ರೆಯವರು ಇವತ್ತು ನನ್ನ ಹೆಂಡತಿಗೆ ಒಂದು ಹಸಿರು ಪುಸ್ತಕ ಕೊಟ್ಟರು. ದಿನಕ್ಕೊಂದು ಪುಟ. ನೋವು ಎಷ್ಟು, ಸುಸ್ತು ಎಷ್ಟು, ತಲೆಸುತ್ತು ಎಷ್ಟು, ಚರ್ಮದ ಉರಿ ಎಷ್ಟು ಎಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಬೇಕು. ಹಿಂದೆ ಮುಂದೆ ತಿರುವಿ ಹಾಕಿ ನೋಡಿದೆ. ರೋಗಿಯ ಗಂಡನ ಅವಸ್ಥೆ ಬರೆಯಲು ಒಂದು ಕಾಲಮ್ಮೂ ಇಲ್ಲ. ಅಚ್ಚು ಹಾಕಿಸಿದವರ ಈ ಅಲಕ್ಷ್ಯವನ್ನು ಸರಿಪಡಿಸಲೆಂದೇ ನಾನು ಈ ನೋಟುಬುಕ್ಕು ತೆರೆದಿದ್ದೇನೆ. ಯಾರಿಗೂ ತೋರಿಸಲು ಅಲ್ಲ. ತೋರಿಸಿದರೆ ಇದಕ್ಕೂ ಅಂಕ ಹಾಕಿಬಿಡುತ್ತಾರೆ.

ನನ್ನ ಹೆಂಡತಿಗೆ ಬಂದಿರುವುದು ಹತ್ತು ಲಕ್ಷ ಜನರಲ್ಲಿ ನಾಲ್ಕೈದು ಮಂದಿಗೆ ಬರುವ ರಕ್ತದ ಕ್ಯಾನ್ಸರ್. ಅದೃಷ್ಟದ ಚೀಟಿಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟನ್ನೂ ಗೆಲ್ಲದ ನಮ್ಮ ಮನೆಗೆ ಇಂಥ ಅಪರೂಪದ ಬಹುಮಾನ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಕಣಗಳ ಅಂಚಿಗೆಲ್ಲ ಕೂದಲು ಮೂಡಿದ ಹಾಗೆ ಕಾಣುತ್ತದಂತೆ. ಅದಕ್ಕೇ ಕೂದಲು ಕಣದ ಲ್ಯುಕೇಮಿಯ ಎಂದು ಹೆಸರು. "ನಿಮ್ಮ ತಲೆ ಬಿಟ್ಟು ಹೋದದ್ದೆಲ್ಲ ಎಲ್ಲಿ ಸೇರ್ಕೊಂಡಿದೆ ಅಂತ ಈಗ ಗೊತ್ತಾಯ್ತು ನೋಡಿ," ಎಂದಿದ್ದಳು, ಎಂಟು ವರ್ಷದ ಹಿಂದೆ ಮೊದಲ ಸಲ ಆ ಹೆಸರು ಕೇಳಿದಾಗ. ಡಾಕ್ಟರಮ್ಮ ನಗುವುದೋ ಬೇಡವೋ ತಿಳಿಯದೆ ನನ್ನ ಬೊಕ್ಕತಲೆಯನ್ನೇ ನೋಡುತ್ತ ಕೂತಿದ್ದರು.

ಆಗ ಒಂದು ವಾರದ ಇಂಜೆಕ್ಷನ್ ಆರು ವರ್ಷ ನೆಮ್ಮದಿ ಕೊಟ್ಟಿತು. ಎರಡನೆಯ ಸಲ ಅದೇ ಇಂಜೆಕ್ಷನ್ ಎರಡೇ ವರ್ಷಕ್ಕೆ ಕೈಕೊಟ್ಟಿತು. ಈಗ ಮೂರನೆಯ ಸರದಿ. ಎಡಪಕ್ಕೆಯಲ್ಲಿ ಗುಲ್ಮ, ಡಾಕ್ಟರು ಸ್ಪ್ಲೀನ್ ಅನ್ನುವುದು, ಮತ್ತೆ ಊದಿದೆ. ರಕ್ತದ ಎಣಿಕೆ ನೆಲ ಕಚ್ಚಿದೆ.

"ಇನ್ನು ಇಂಜೆಕ್ಷನ್ ನೆಚ್ಚಿಕೊಳ್ಳೋ ಹಾಗಿಲ್ಲ," ಎಂದರು ಡಾಕ್ಟರಮ್ಮ. "ಈ ಕ್ಯಾಪ್ಸೂಲ್ ಕೆಲಸ ಮಾಡುತ್ತೆ, ಅದು ಗೊತ್ತು. ಎಷ್ಟು ಕೊಟ್ಟರೆ ಸರಿ ಅನ್ನೋದು ಗೊತ್ತಿಲ್ಲ. ಕೆಲವರು ಜಾಸ್ತಿ ಕೊಡ್ತಾರೆ, ಕೆಲವರು ಅದರ ಕಾಲು ಭಾಗ. ಕಡಿಮೆಯೇ ಸಾಕಾದ್ರೆ ಜಾಸ್ತಿ ಕೊಟ್ಟು ಯಾಕೆ ಮೈ ಸುಡಬೇಕು? ಅದನ್ನ ನೋಡೋಕೇ ಈ ಪ್ರಯೋಗ."

"ಹಾಗಾದ್ರೆ ನಮಗೆ ಜಾಸ್ತಿಯದ್ದೇ ಕೊಡಿ," ಎಂದೆ, ತರಕಾರಿ ಅಂಗಡಿಯ ಮುಂದೆ ನಿಂತವನ ಹಾಗೆ.

"ಅದು ನನ್ನ ಕೈಲಿಲ್ಲ ಸಾರ್. ಕಂಪ್ಯೂಟರ್ ಚೀಟಿ ಎತ್ತುತ್ತೆ. ಯಾರಿಗೆ ಯಾವುದು ಬಂತು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ನೋಡೋಕೆ ಎರಡೂ ಒಂದೇ ಥರ."

ಬಾಟಲಿಯನ್ನು ಕೈಗೆ ಕೊಟ್ಟರು. ಅದರ ಮೇಲೆ ೦೧೭ ಎಂಬ ಸಂಖ್ಯೆ. ಒಳಗೆ ಏನು, ಎಷ್ಟು ಎಂಬ ಮಾತೇ ಇಲ್ಲ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷದಿಂದ ಇನ್ಸ್‌ಪೆಕ್ಟರಾಗಿರುವವನು. ಪೊಟ್ಟಣದ ಮೇಲೆ ನಿವ್ವಳ ತೂಕ ನಮೂದಿಸದಿರುವುದು ಅಪರಾಧ. ಸಾಬೂನಿನವನು, ಬಿಸ್ಕತ್ತಿನವನು, ಮೊಳೆ ಮಾರುವವನು, ಒಬ್ಬನನ್ನೂ ಬಿಟ್ಟವನಲ್ಲ. ನನಗರಿವಿಲ್ಲದೆ ಕೈ ಜೇಬಿನ ಪೆನ್ನಿಗೆ ಹೋಯಿತು.

"ಕೇಸ್ ಬರೀಬೇಡಿ," ಎಂದಳು ಪಕ್ಕದಲ್ಲಿ ಕೂತಿದ್ದವಳು. "ಒಪ್ಪಿಗೆ ಪತ್ರದಲ್ಲಿ ಸಾಕ್ಷಿ ಅಂತ ಇದೆಯಲ್ಲ, ಅಲ್ಲಿ ಸಹಿ ಹಾಕಿ."

ಹಾಕಿದೆ.

ಮಾರ್ಚ್ ೬, ಬುಧವಾರ

ಬೆಳಿಗ್ಗೆ ಎರಡು, ಸಂಜೆ ಎರಡು. ಇವತ್ತು ಶುರು. ಹೊತ್ತು: ಎಂಟು ಗಂಟೆ ಎರಡು ನಿಮಿಷ. ನೀರು: ಇನ್ನೂರು ಮಿಲಿಲೀಟರ್. ಮೈ ಬಿಸಿ: ತೊಂಬತ್ತೆಂಟು ಪಾಯಿಂಟ್ ನಾಲ್ಕು. ಮೈತೂಕ: ಐವತ್ತೊಂದು ಕೇಜಿ ಮುನ್ನೂರು ಗ್ರಾಂ, ಚಪ್ಪಲಿ ಬಿಟ್ಟು.

"ನುಂಗಿದೆ," ಎಂದಳು.

"ಏನನ್ನಿಸ್ತಿದೆ?"

"ಎರಡು ಕ್ಯಾಪ್ಸೂಲ್ ನುಂಗಿದ ಹಾಗೆ ಅನ್ನಿಸ್ತಿದೆ ಕಣ್ರೀ. ಇನ್ನೂ ಗಂಟಲು ದಾಟಿಲ್ಲ, ಆಗಲೇ ವರದಿ ಕೇಳ್ತೀರಲ್ಲ!"

ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದ ಕೈ ಮುಂದೆ ಚಾಚಿ, ಹೆಬ್ಬೆರಳಲ್ಲೇ ಕಟ್ಟಡ, ಮರ, ಗಂಡ ಎಲ್ಲವನ್ನೂ ಅಳೆದುಬಿಡುತ್ತಾಳೆ. ಅಂಥ ಅಳತೆಗೆ ನಮ್ಮ ಇಲಾಖೆಯ ಮುದ್ರೆ ಇಲ್ಲ ಎಂದು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದೇನೆ.

ಮಾರ್ಚ್ ೧೨, ಮಂಗಳವಾರ

ವಾರದ ರಕ್ತ ಪರೀಕ್ಷೆ. ಪ್ರಯೋಗದ ರೋಗಿಗಳನ್ನು ನೋಡಿಕೊಳ್ಳುವ ಸಿಸ್ಟರ್ ಬಾಟಲಿಯನ್ನು ತಟ್ಟೆಗೆ ಸುರಿದು, ಉಳಿದ ಕ್ಯಾಪ್ಸೂಲುಗಳನ್ನು ಎರಡೆರಡಾಗಿ ಎಣಿಸಿದರು. ಎಣಿಸಿ, ಬರೆದು, ಮತ್ತೊಮ್ಮೆ ಎಣಿಸಿದರು. ನನಗೆ ಆ ಹೆಣ್ಣುಮಗಳ ಮೇಲೆ ತಕ್ಷಣ ಗೌರವ ಹುಟ್ಟಿತು. ನಮ್ಮ ಇಲಾಖೆಯಲ್ಲಿ ಇರಬೇಕಾದವರು.

"ನೋವು ಐದು ದಾಟಿ ಮೂರು ದಿನ ಹಾಗೇ ಇದ್ರೆ ಫೋನ್ ಮಾಡಬೇಕು," ಎಂದರು. "ತಲೆಸುತ್ತು ಒಂದೇ ಸಲ ಬಂದ್ರೂ ಮಾಡಬೇಕು. ನಾಚಿಕೆ ಪಟ್ಕೋಬೇಡಿ ಆಂಟಿ."

ಹೊರಗಿನ ಬೆಂಚಿನಲ್ಲಿ ಬಾಟಲಿ ನಂಬರ್ ೦೧೮ ಪರಿಚಯವಾಯಿತು. ನಲವತ್ತು ದಾಟಿದ ಬಸ್ ಡ್ರೈವರ್. ಅದೇ ಕಾಯಿಲೆ, ಅದೇ ಪ್ರಯೋಗ. "ಅಕ್ಕಾ, ಹತ್ತು ಲಕ್ಷಕ್ಕೆ ನಾಲ್ಕು ಜನ ಅಂತಾರೆ. ಅದರಲ್ಲಿ ಇಬ್ಬರು ಒಂದೇ ಬೆಂಚಲ್ಲಿ! ನಮ್ಮ ಬಸ್ಸಲ್ಲಿ ಸೀಟು ಸಿಗೋದಕ್ಕಿಂತ ಕಷ್ಟ ಇದು," ಎಂದ. ನನ್ನ ಹೆಂಡತಿ ಬಹಳ ದಿನದ ಮೇಲೆ ಬಾಯಿ ತುಂಬ ನಕ್ಕಳು. ನಾನು ಮೂವತ್ತು ವರ್ಷದಿಂದ ನಗಿಸುತ್ತಿದ್ದೇನೆ, ಅಷ್ಟು ನಕ್ಕದ್ದಿಲ್ಲ.

ಮಾರ್ಚ್ ೧೫, ಶುಕ್ರವಾರ

ಇವತ್ತು ಮಾಡಿದ ಕೆಲಸವನ್ನು ಬರೆಯಲೋ ಬೇಡವೋ ಎಂದು ಯೋಚಿಸಿ, ಬರೆಯುತ್ತಿದ್ದೇನೆ.

ನಮ್ಮ ಕಚೇರಿಯ ಒಳಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಸೂಕ್ಷ್ಮ ತಕ್ಕಡಿ ಇದೆ. ಊರಿನ ಚಿನ್ನದಂಗಡಿಗಳ ತೂಕಗಳೆಲ್ಲ ಅದರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಊಟದ ಬಿಡುವಿನಲ್ಲಿ ಡ್ರೈವರನನ್ನು ಅಲ್ಲಿಗೆ ಕರೆಸಿದೆ. ಅವನ ಬಾಟಲಿಯಿಂದ ಒಂದು, ನಮ್ಮದರಿಂದ ಒಂದು. ಚಿಮುಟದಲ್ಲಿ ಎತ್ತಿ, ಬೇರೆ ಬೇರೆ ಬಟ್ಟಲಲ್ಲಿಟ್ಟು, ಚೀಟಿ ಅಂಟಿಸಿ, ಶಾಸ್ತ್ರೋಕ್ತವಾಗಿ ತೂಗಿದೆ. ನಮ್ಮದು ೪೦೮ ಮಿಲಿಗ್ರಾಂ. ಅವನದು ೪೧೩.

"ಸಾರ್! ನಂದು ಜಾಸ್ತಿ!" ಎಂದು ಕುಣಿಯುವವನ ಹಾಗೆ ಕೈ ಎತ್ತಿದವನು, ನನ್ನ ಮುಖ ನೋಡಿ ಇಳಿಸಿದ. "ಐದೇ ಐದು ಮಿಲಿಗ್ರಾಂ ಅಲ್ವಾ ಸಾರ್. ಬಸ್ಸಿಗೆ ಒಂದು ನೊಣ ಹತ್ತಿದ ಹಾಗೆ."

"ಹೌದು, ಏನೂ ಇಲ್ಲ," ಎಂದೆ. ಅವನದನ್ನು ಅವನ ಬಾಟಲಿಗೆ, ನಮ್ಮದನ್ನು ನಮ್ಮದಕ್ಕೆ ಹಾಕಿ ಕಳಿಸಿದೆ.

ಏನೂ ಇಲ್ಲವೇ? ತಕ್ಕಡಿ ಸುಳ್ಳು ಹೇಳುವುದಿಲ್ಲ. ನಮಗೆ ಬಂದಿರುವುದು ಕಡಿಮೆಯದು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮಾರ್ಚ್ ೨೧, ಗುರುವಾರ

ಡ್ರೈವರನ ರಕ್ತದ ಎಣಿಕೆ ಏರಿದೆಯಂತೆ. ನಮ್ಮದೂ ಏರಿದೆ, ಅವನಷ್ಟಲ್ಲ. ಮೊನ್ನೆ ಆಸ್ಪತ್ರೆಯ ಬೆಂಚಿನಲ್ಲಿ ನಡುವೆ ಒಂದು ಸೀಟು ಬಿಟ್ಟು ಕೂತೆ. ಕಾಲು ನೋವು, ಚಾಚಲು ಜಾಗ ಬೇಕು ಎಂದು ನೆಪ ಹೇಳಿದೆ. ನನ್ನ ಕಾಲು ಚೆನ್ನಾಗಿಯೇ ಇದೆ.

ಮಾರ್ಚ್ ೨೫, ಸೋಮವಾರ

ಅವಳ ಬೆರಳ ಗೆಣ್ಣುಗಳು ಬಾತಿವೆ. ಮಂಡಿ, ಮಣಿಕಟ್ಟು, ಎಲ್ಲ ಕೀಲುಗಳಲ್ಲೂ ನೋವು. ಕಿಟಕಿಯ ಬಳಿ ಅರ್ಧ ಗಂಟೆ ಕೂತಿದ್ದಕ್ಕೆ ಕುತ್ತಿಗೆ ಕೆಂಪಾಗಿ ಸುಟ್ಟ ಹಾಗಾಗಿದೆ. ಪೆನ್ಸಿಲ್ ಹಿಡಿಯಲಾಗದೆ ಶಾಲೆಗೆ ರಜೆ ಬರೆದುಕೊಟ್ಟಳು. ರಜೆಯ ಅರ್ಜಿಯನ್ನೂ ನಾನೇ ಬರೆದೆ. ಇನ್ನು ಹಸಿರು ಪುಸ್ತಕವೂ ನನ್ನ ಸುಪರ್ದಿಗೆ.

"ನೋವು?"

"ಐದು."

ಬರೆದೆ: ೫. ಸಹಿ ಮಾತ್ರ ಅವಳದು, ಕೋಳಿ ಕೆದಕಿದ ಹಾಗೆ.

ಕಾಯಿಲೆ ಮೂಳೆಗೆ ಇಳಿಯುತ್ತಿದೆಯೇನೋ ಎಂಬ ಭಯ. ಕಡಿಮೆ ಡೋಸು ಅದನ್ನು ಹಿಡಿದು ನಿಲ್ಲಿಸಲಾರದು.

ಮಾರ್ಚ್ ೨೭, ಬುಧವಾರ

ಡ್ರೈವರ್ ಫೋನ್ ಮಾಡಿದ್ದ. "ಸಾರ್, ನನಗೂ ಕೀಲು ನೋವು ಬಂತು. ಆರು ಅಂತ ಬರೆದೆ, ಮೂರು ದಿನ. ಸಿಸ್ಟರ್‌ಗೆ ಹೇಳಿದೆ ನೋಡಿ, ಒಂದು ವಾರ ಮಾತ್ರೆ ನಿಲ್ಲಿಸಿಬಿಟ್ರು. ಆಮೇಲೆ ದಿನಕ್ಕೆ ನಾಲ್ಕರ ಬದಲು ಎರಡು ಅಂತೆ. ಅಕ್ಕ ಹೇಗಿದ್ದಾರೆ?"

"ಚೆನ್ನಾಗಿದ್ದಾಳೆ," ಎಂದೆ.

ಅವನದು ಜಾಸ್ತಿಯ ಬಾಟಲಿ. ಅರ್ಧ ಇಳಿಸಿದರೂ ಏನಾದರೂ ಉಳಿದೀತು. ನಮ್ಮ ಕಾಲು ಭಾಗದಲ್ಲಿ ಅರ್ಧ ಇಳಿಸಿದರೆ ಉಳಿಯುವುದು ಕ್ಯಾಪ್ಸೂಲಿನ ಸಿಪ್ಪೆ.

ಸಂಜೆ ಕೇಳಿದೆ. "ನೋವು?"

"ಆರು," ಎಂದಳು, ಗೋಡೆ ಕಡೆ ತಿರುಗಿ.

ನಾನು ಬರೆದದ್ದು ೪.

ಒಂದೇ ದಿನದ ಮಾತು. ನಾಳೆ ತಾನಾಗಿಯೇ ಇಳಿದೀತು.

ಮಾರ್ಚ್ ೨೮, ಗುರುವಾರ

ಏಳು ಎಂದಳು. ೪ ಬರೆದೆ.

ಏಪ್ರಿಲ್ ೩, ಬುಧವಾರ

ಆರು. ಬರೆದದ್ದು ೩. ಏಕಪ್ರಕಾರವಾಗಿ ನಾಲ್ಕೇ ಇದ್ದರೆ ಅನುಮಾನ ಬರುತ್ತದೆ. ಕಳ್ಳ ಲೆಕ್ಕದವರು ಮಾಡುವ ತಪ್ಪೇ ಅದು ಎಂದು ಹೊಸಬರಿಗೆ ತರಬೇತಿಯಲ್ಲಿ ಪಾಠ ಮಾಡುತ್ತಿದ್ದವನು ನಾನು. ಆದ್ದರಿಂದ ಒಂದು ದಿನ ಮೂರು, ಒಂದು ದಿನ ನಾಲ್ಕು, ನಡುವೆ ಒಂದು ಎರಡು. ಬೇಲಿಯೇ ಎದ್ದು ಹೊಲ ಮೇಯುವಾಗ ಹೀಗೆ ಅಚ್ಚುಕಟ್ಟಾಗಿ ಸಾಲು ಹಿಡಿದು ಮೇಯುತ್ತದೆ ಎಂದು ಗೊತ್ತಿರಲಿಲ್ಲ.

ಆದರೆ ರಕ್ತದ ಎಣಿಕೆ ಏರುತ್ತಿದೆ! ಗುಲ್ಮ ಕುಗ್ಗಿದೆ! ಇಷ್ಟೇ ಇಷ್ಟು ಔಷಧಿಗೆ ಇಷ್ಟು ಫಲ ಇರುವಾಗ ಅದನ್ನೂ ಕಸಿದುಕೊಂಡರೆ?

ಏಪ್ರಿಲ್ ೯, ಮಂಗಳವಾರ

ತಿಂಗಳ ದೊಡ್ಡ ಪರೀಕ್ಷೆ. ಎದೆಗೆ ತಂತಿ ಅಂಟಿಸಿ ಹೃದಯದ ಗೆರೆ ತೆಗೆದರು. ಡಾಕ್ಟರಮ್ಮ ಆ ಉದ್ದನೆಯ ಕಾಗದವನ್ನು ಬೆಳಕಿಗೆ ಹಿಡಿದು, ಪುಟ್ಟ ಅಳತೆಪಟ್ಟಿ ಇಟ್ಟು ನೋಡಿದರು.

"ಒಂದು ಅಂತರ ಸ್ವಲ್ಪ ಉದ್ದ ಆಗಿದೆ. ಗಡಿ ದಾಟಿಲ್ಲ. ಈ ಔಷಧಿ ಜಾಸ್ತಿ ಆದಾಗ ಹೀಗಾಗೋದುಂಟು." ಹಸಿರು ಪುಸ್ತಕ ತಿರುವಿದರು. "ನೋವು ಮೂರು, ನಾಲ್ಕು... ಪರವಾಗಿಲ್ಲ. ತಲೆಸುತ್ತು ಎಲ್ಲ ಸೊನ್ನೆ. ಅಲ್ವಾ ಅಮ್ಮಾ? ಒಂದು ಸಲಾನೂ ಬಂದಿಲ್ಲ?"

ಶನಿವಾರ ಬಂದಿತ್ತು. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತಿದ್ದಳು. "ಬಾಗಿ ಎದ್ದದ್ದಕ್ಕೆ," ಎಂದಿದ್ದಳು. ನಾನು ಪುಸ್ತಕದಲ್ಲಿ ಸೊನ್ನೆ ಹಾಕಿದ್ದೆ, ದುಂಡಗೆ.

"ಇಲ್ಲ," ಎಂದೆ ನಾನು.

ಅವಳು ಗೋಡೆಯ ಮೇಲಿನ ಚಿತ್ರಪಟವನ್ನು ನೋಡುತ್ತಿದ್ದಳು. ಅದರಲ್ಲಿ ಮನುಷ್ಯನ ಎದೆ ತೆರೆದು ತೋರಿಸಿದ ಹೃದಯ. "ಬಿಡಿಸಿದವನಿಗೆ ನೆರಳು ಹಾಕೋಕೆ ಬರಲ್ಲ," ಎಂದಳು.

"ಹಾಗಾದ್ರೆ ಇದೇ ಡೋಸ್ ಮುಂದುವರಿಸೋಣ," ಎಂದರು ಡಾಕ್ಟರಮ್ಮ. "ಎರಡು ವಾರ ಬಿಟ್ಟು ಮತ್ತೆ ಗೆರೆ ತೆಗೀತೀನಿ. ಅಷ್ಟರಲ್ಲಿ ತಲೆಸುತ್ತು ಬಂದ್ರೆ ಆ ಕ್ಷಣವೇ ಫೋನ್."

ಗೆದ್ದ ಹಾಗೆ ಅನ್ನಿಸಬೇಕಿತ್ತು. ಆಟೋದಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಎಷ್ಟು ಹಗುರ! ಮನೆಗೆ ಬಂದು ತೂಗಬೇಕು ಎಂದುಕೊಂಡಿದ್ದೆ. ಮರೆತೆ.

ಏಪ್ರಿಲ್ ೧೫, ಸೋಮವಾರ

ಚಹಾ ಕಪ್ಪು ಕೈಯಿಂದ ಜಾರಿತು. ಒಡೆದ ಚೂರುಗಳನ್ನು ನಾನು ಆರಿಸುತ್ತಿದ್ದಾಗ ಅವಳು ಕುರ್ಚಿಯಲ್ಲಿ ಕೂತು ಹೇಳಿದಳು, "ರೀ, ಒಂದು ವೇಳೆ ನಮ್ಮದು ಜಾಸ್ತಿಯದ್ದೇ ಆಗಿದ್ರೆ?"

"ಐದು ಮಿಲಿಗ್ರಾಂ ಕಡಿಮೆ ಬಂದಿದೆ ಕಣೇ," ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ತೂಗಿದ ಕಥೆಯೆಲ್ಲ ಹೊರಬಂತು.

ಅವಳು ಬಯ್ಯಲಿಲ್ಲ. "ಎಷ್ಟು ಕ್ಯಾಪ್ಸೂಲ್ ತೂಗಿದ್ರಿ?"

"ಒಂದು."

"ಒಂದೇ?" ಎಂದಳು. ಅಷ್ಟೇ.

ಏಪ್ರಿಲ್ ೧೮, ಗುರುವಾರ

ಬೆಳಿಗ್ಗೆ ಒಂಬತ್ತೂವರೆಗೆ ಬಚ್ಚಲಲ್ಲಿ ಬಿದ್ದಳು. ಆಂಬುಲೆನ್ಸ್. ಇನ್ನು ಬರೆಯಲಾರೆ.

ಏಪ್ರಿಲ್ ೨೦, ಶನಿವಾರ

ನಿನ್ನೆ ಬರೆಯಲಿಲ್ಲ.

ಬಿದ್ದಾಗ ಹಣೆ ಒಡೆದು ರಕ್ತ ಬಂದಿತ್ತು. ಅದು ದೊಡ್ಡದಲ್ಲ, ನಾಲ್ಕು ಹೊಲಿಗೆ. ದೊಡ್ಡದು ಒಳಗಿನದು. ಹೃದಯ ತಾಳ ತಪ್ಪಿ ಓಡಿತ್ತು. ಆಂಬುಲೆನ್ಸಿನಲ್ಲೊಮ್ಮೆ, ತುರ್ತು ವಿಭಾಗದಲ್ಲೊಮ್ಮೆ ಅವಳ ಕಣ್ಣು ಮೇಲೆ ಹೋಯಿತು. ಪರದೆ ಎಳೆದು ನನ್ನನ್ನು ಹೊರಗೆ ನಿಲ್ಲಿಸಿದರು. ಪರದೆಯ ಕೆಳಗೆ ಕಾಲುಗಳು ಮಾತ್ರ ಕಾಣುತ್ತಿದ್ದವು, ಓಡಾಡುವ ಕಾಲುಗಳು.

ಡಾಕ್ಟರಮ್ಮ ಓಡಿ ಬಂದರು. ಕೈಯಲ್ಲಿ ನಾನು ಮನೆಯಿಂದ ತಂದಿದ್ದ ಹಸಿರು ಪುಸ್ತಕ. "ಇದರಲ್ಲಿ ಏನೂ ಇಲ್ಲವಲ್ಲ! ನೋವು ಮೂರು, ತಲೆಸುತ್ತು ಸೊನ್ನೆ. ಬೇರೆ ಏನಾದ್ರೂ ಮಾತ್ರೆ ತಗೊಂಡ್ರಾ? ನೆಗಡಿಗೆ, ನಿದ್ದೆಗೆ? ಹೇಳಿ ಸಾರ್, ಏನು ತಗೊಂಡ್ರು?"

ಅವರು ಇಲ್ಲದ ಮಾತ್ರೆಯನ್ನು ಹುಡುಕುತ್ತಿದ್ದರು. ಒಳಗೆ ಹೊತ್ತು ಹೋಗುತ್ತಿತ್ತು.

"ಪುಸ್ತಕ ಸುಳ್ಳು," ಎಂದೆ. "ನಾನು ಬರೆದದ್ದು ಸುಳ್ಳು."

ಅವರು ನನ್ನನ್ನು ನೋಡಿದರು. ಕಳ್ಳ ತೂಕದ ಅಂಗಡಿಯವರನ್ನು ನಾನು ಹೀಗೆ ನೋಡುತ್ತಿದ್ದೆನೇ? ಇಲ್ಲ. ನನ್ನ ನೋಟದಲ್ಲಿ ಒಂದಿಷ್ಟು ಖುಷಿ ಇರುತ್ತಿತ್ತು.

"ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಈಗ ನನಗೆ ಪುರಸೊತ್ತಿಲ್ಲ," ಎಂದರು. "ತಲೆಸುತ್ತು ಯಾವಾಗಿಂದ?"

"ಹನ್ನೆರಡು ದಿನ ಆಯ್ತು. ನಾಲ್ಕೈದು ಸಲ."

"ನೋವು?"

"ಆರು. ಏಳು."

ಅಲ್ಲೇ ನಿಂತು ಫೋನ್ ಮಾಡಿದರು. ಪ್ರಾಣಕ್ಕೆ ಬಂದಾಗ ಬಾಟಲಿಯ ಗುಟ್ಟು ಒಡೆಯಲು ಒಂದು ದಾರಿ ಇಟ್ಟಿರುತ್ತಾರಂತೆ. ೦೧೭ ಎಂದು ಎರಡು ಸಲ ಹೇಳಿದರು. ಆಚೆಯವರು ಏನೋ ಹೇಳಿದರು. ಫೋನ್ ಇಟ್ಟು ಒಳಗೆ ಹೋಗುವಾಗ ನನ್ನ ಕಡೆ ತಿರುಗದೆಯೇ ಹೇಳಿದರು, "ಜಾಸ್ತಿ ಡೋಸ್."

ನಾನು ದೇವರನ್ನು, ಕಂಪ್ಯೂಟರನ್ನು, ತಕ್ಕಡಿಯನ್ನು ಬೇಡಿಕೊಂಡದ್ದು ಅದನ್ನೇ. ಮೊದಲ ದಿನದಿಂದಲೇ ಸಿಕ್ಕಿತ್ತು. ಸಿಕ್ಕಿದ್ದು ಅವಳ ಬೆರಳಿಗೆ, ಮಂಡಿಗೆ, ಕುತ್ತಿಗೆಗೆ, ಎದೆಗೆ ಹೋಗಿ "ಸಾಕು, ಸಾಕು" ಎಂದು ಕೂಗುತ್ತಿದ್ದರೆ ನಾನು ಆ ಕೂಗಿಗೆ ಮೂರು ಅಂಕ ಕೊಟ್ಟು ಕೂರಿಸುತ್ತಿದ್ದೆ.

ಒಂದು ಕ್ಯಾಪ್ಸೂಲ್ ತೂಗಿ ತೀರ್ಪು ಬರೆದೆ. ಒಂದು ಸಾಬೂನಿನ ಕಂಪನಿಗೆ ನೋಟೀಸು ಕೊಡಬೇಕಾದರೂ ಮೂವತ್ತೆರಡು ಸಾಬೂನು ತೂಗುತ್ತಿದ್ದವನು. ಪ್ರತಿ ಪೊಟ್ಟಣದಲ್ಲೂ ಇಂತಿಷ್ಟು ಹೆಚ್ಚುಕಡಿಮೆ ಸಹಜ ಎಂದು ನನ್ನ ಕಾನೂನಿನಲ್ಲೇ ಇದೆ. ಸಾಬೂನಿಗೆ ಕೊಟ್ಟ ನ್ಯಾಯವನ್ನು ಹೆಂಡತಿಗೆ ಕೊಡಲಿಲ್ಲ.

ಡ್ರೈವರ್ ಬಂದಿದ್ದ. ಯಾರು ಹೇಳಿದರೋ. ಐಸಿಯು ಹೊರಗಿನ ಬೆಂಚಿನಲ್ಲಿ ನಡುವೆ ಸೀಟು ಬಿಡದೆ ನನ್ನ ಪಕ್ಕಕ್ಕೇ ಕೂತ. ಎಲ್ಲ ಹೇಳಿದೆ.

"ತೂಗಿದ್ದಕ್ಕೆ ನಾನೂ ಪಾಲುದಾರ ಸಾರ್," ಎಂದ. "ಆವತ್ತು ನಂದು ಜಾಸ್ತಿ ಅಂತ ಕುಣಿದೆ. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ. ಅವಳು, 'ಹಾಗಾದ್ರೆ ಆ ಅಕ್ಕನ ಗತಿ?' ಅಂದ್ಲು."

"ನಿಂದು ಯಾವುದು ಅಂತ ಈಗ ಕೇಳಬಹುದಲ್ಲ," ಎಂದೆ.

"ಬೇಡ ಸಾರ್. ನಾನು ಹುಷಾರಾಗ್ತಾ ಇದ್ದೀನಿ. ಯಾವುದರಿಂದ ಅಂತ ಗೊತ್ತಾಗಬೇಕಾದದ್ದು ನನಗಲ್ಲ, ಮುಂದೆ ಬರೋರಿಗೆ." ಎದ್ದು ನಿಂತು, "ಟೀ ಕುಡೀತೀರಾ? ಇಲ್ಲಿಯದು ಕಣ್ಣೀರಿಗಿಂತ ತೆಳು," ಎಂದ.

ಕುಡಿದೆ. ತೆಳುವೇ.

ಏಪ್ರಿಲ್ ೨೨, ಸೋಮವಾರ

ಕಣ್ಣು ಬಿಟ್ಟಳು. ನನ್ನನ್ನು ನೋಡಿ, "ಶೇವ್ ಮಾಡ್ಕೊಂಡಿಲ್ಲ," ಎಂದಳು.

ಏಪ್ರಿಲ್ ೨೬, ಶುಕ್ರವಾರ

ವಾರ್ಡಿಗೆ ಬಂದಿದ್ದಾಳೆ. ಹೃದಯದ ಗೆರೆ ತನ್ನ ಅಳತೆಗೆ ಮರಳುತ್ತಿದೆ. ಕ್ಯಾಪ್ಸೂಲ್ ನಿಲ್ಲಿಸಿದ್ದಾರೆ. ಇನ್ನೊಂದು ವಾರ ನೋಡಿ, ಕಡಿಮೆ ಡೋಸಿನಲ್ಲಿ ಮತ್ತೆ ಶುರು ಮಾಡುತ್ತಾರಂತೆ. ಗುಟ್ಟು ಒಡೆದ ಬಾಟಲಿಯಾದ್ದರಿಂದ ಈ ಸಲ ಎಲ್ಲರಿಗೂ ಗೊತ್ತಿದ್ದೇ ಕೊಡುವುದು.

"ಕಡಿಮೆ ಸಾಕಾಗುತ್ತಾ ಡಾಕ್ಟ್ರೇ?" ಎಂದು ಕೇಳಿದೆ.

"ಅದು ಗೊತ್ತಿದ್ದಿದ್ರೆ ನಿಮ್ಮನ್ನೆಲ್ಲ ಇಷ್ಟು ಗೋಳು ಹೊಯ್ಕೊಳ್ತಿದ್ನಾ?" ಎಂದರು. ಮೊದಲ ಸಲ ಅವರ ದನಿಯಲ್ಲಿ ಸಿಟ್ಟು ಕೇಳಿಸಿತು. ಕೇಳಿಸಿದ್ದು ಒಳ್ಳೆಯದೇ ಆಯಿತು.

ಆಮೇಲೆ ಸಿಸ್ಟರ್ ನನ್ನನ್ನು ತಮ್ಮ ಕೋಣೆಗೆ ಕರೆದು ಹಸಿರು ಪುಸ್ತಕವನ್ನು ಮುಂದಿಟ್ಟರು.

"ಅಂಕಲ್, ಇದು ಆಂಟಿಯೊಬ್ಬರದ್ದೇ ಅಲ್ಲ. ಜಾಸ್ತಿ ಡೋಸ್‌ನಲ್ಲಿ ನೋವೇ ಇಲ್ಲ, ತಲೆಸುತ್ತೇ ಇಲ್ಲ ಅಂತ ಇದು ಹೇಳ್ತಿದೆ. ಇದನ್ನ ನಂಬಿ ನಾಳೆ ಯಾರಿಗೋ ಜಾಸ್ತಿ ಕೊಟ್ಟುಬಿಡ್ತಾರೆ."

ನಾನು ತಲೆ ತಗ್ಗಿಸಿದೆ. ಹತ್ತು ಲಕ್ಷಕ್ಕೆ ನಾಲ್ಕೈದು ಜನ. ಅವರ ಮುಖ ನನಗೆ ಗೊತ್ತಿಲ್ಲ. ಯಾವುದೋ ಊರಿನ ಯಾವುದೋ ಬೆಂಚಿನಲ್ಲಿ ಕೂತಿರುತ್ತಾರೆ.

"ಹರಿದು ಹೊಸದು ಬರೆದುಕೊಡಲಾ?"

"ಅಯ್ಯೋ, ಹರಿಯೋದಿರಲಿ, ಉಜ್ಜೋ ಹಾಗೂ ಇಲ್ಲ. ತಪ್ಪು ಅಂಕಿಯ ಮೇಲೆ ಒಂದೇ ಒಂದು ಗೆರೆ. ಕೆಳಗಿರೋದು ಕಾಣ್ತಾ ಇರಬೇಕು. ಪಕ್ಕದಲ್ಲಿ ಸರಿಯಾದ್ದು, ಇವತ್ತಿನ ತಾರೀಖು, ಆಂಟಿ ಸಹಿ. ಅವರು ನೆನಪು ಮಾಡ್ಕೊಂಡು ಹೇಳಿದ್ದನ್ನ ಮಾತ್ರ. ನೀವು ಅಂದಾಜಿನ ಮೇಲೆ ಒಂದಂಕಿಯನ್ನೂ ಹಾಕಬಾರದು."

ಏಪ್ರಿಲ್ ೩೦, ಮಂಗಳವಾರ

ಇಪ್ಪತ್ತೆರಡು ಪುಟ. ಅವಳ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಹೇಗೆ ಶುರು ಮಾಡುವುದೆಂದು ಎರಡು ದಿನದಿಂದ ಯೋಚಿಸಿ ಒಂದು ಪೀಠಿಕೆ ಕಟ್ಟಿಕೊಂಡಿದ್ದೆ. "ನೋಡು, ನೀನು ಹೇಳಿದ್ದನ್ನ ನಾನು..." ಎನ್ನುವಷ್ಟರಲ್ಲಿ ಅವಳೇ ಕೈ ಚಾಚಿದಳು.

"ಗೊತ್ತು. ಕೊಡಿ ಇಲ್ಲಿ."

"ಗೊತ್ತಾ? ಯಾವಾಗಿಂದ?"

"ಮೊದಲ ದಿನದಿಂದ. ಮೂವತ್ತು ವರ್ಷ ಹುಡುಗರಿಗೆ ಡ್ರಾಯಿಂಗ್ ಪರೀಕ್ಷೆ ಮಾಡಿದ್ದೀನಿ. ಎದುರಿಗಿರೋದನ್ನ ನೋಡಿ ಬಿಡಿಸೋನ ಭುಜ ಒಂಥರ ಇರುತ್ತೆ, ಪಕ್ಕದವನದ್ದು ಕದ್ದು ಬಿಡಿಸೋನ ಭುಜ ಇನ್ನೊಂಥರ. ನೀವು ಪುಸ್ತಕದ ಮೇಲೆ ಕೋಳಿ ಕಾವಿಗೆ ಕೂತ ಹಾಗೆ ಕೂತಿರ್ತಿದ್ರಿ."

"ಮತ್ತೆ ಯಾಕೆ ಸುಮ್ಮನಿದ್ದೆ?"

ಅವಳು ಹಣೆಯ ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿಕೊಂಡಳು. "ನನಗೂ ಮಾತ್ರೆ ನಿಲ್ಲೋದು ಬೇಡವಾಗಿತ್ತು ಕಣ್ರೀ. ನೀವೊಬ್ಬರೇ ಹೆದರಿದ್ದು ಅಂದ್ಕೊಂಡ್ರಾ?"

ಪಕ್ಕದ ಹಾಸಿಗೆಯ ಅಜ್ಜಿ ರೇಡಿಯೋದಲ್ಲಿ ಹವಾಮಾನ ಕೇಳುತ್ತಿದ್ದರು.

ಪುಟ ತೆರೆದೆ. ಮಾರ್ಚ್ ೨೭. ನಾಲ್ಕರ ಮೇಲೆ ಒಂದು ಗೆರೆ ಎಳೆದು, "ಆವತ್ತು ನೀನು ಆರು ಅಂದಿದ್ದೆ. ಆರು ಬರೀತೀನಿ," ಎಂದೆ.

"ಎಂಟು," ಎಂದಳು.

ಪೆನ್ನು ನಿಂತಿತು. "ಆರು ಅಂದೆಯಲ್ಲ, ಗೋಡೆ ಕಡೆ ತಿರುಗಿ."

"ಅಂದೆ. ಇದ್ದದ್ದು ಎಂಟು. ಎಂಟು ಅಂದ್ರೆ ನಿಮ್ಮ ಮುಖ ನೋಡೋಕಾಗ್ತಿರಲಿಲ್ಲ. ಅದಕ್ಕೇ ಎರಡು ಕಡಿಮೆ ಮಾಡಿ ಹೇಳ್ತಿದ್ದೆ. ಯಾವಾಗಲೂ."

ಅವಳು ಎರಡು ಇಳಿಸಿ ಕೊಟ್ಟಳು. ನಾನು ಇನ್ನೆರಡು ಇಳಿಸಿ ಬರೆದೆ. ಒಂದೇ ಮನೆಯಲ್ಲಿ, ಒಂದೇ ಮಂಚದ ಮೇಲೆ ಕೂತು, ಇಬ್ಬರೂ ಒಬ್ಬರಿಗೊಬ್ಬರು ತೂಕದಲ್ಲಿ ಹೊಡೆದೆವು. ಎಂಟು ಹೋಗಿ ನಾಲ್ಕಾಯಿತು. ಉಳಿದ ನಾಲ್ಕನ್ನು ಅವಳು ಒಬ್ಬಳೇ ಹೊತ್ತುಕೊಂಡು ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದಳು.

ಇಪ್ಪತ್ತೆರಡು ಪುಟ ಮುಗಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ಕೆಲವು ದಿನ ಅವಳಿಗೆ ನೆನಪಾಗಲಿಲ್ಲ. ಅಲ್ಲಿ "ನೆನಪಿಲ್ಲ" ಎಂದೇ ಬರೆದೆ. ಕೆಲವು ದಿನ ಅಂಕಿಯ ಜೊತೆಗೆ ಬೇರೆ ಮಾತು ಬಂತು. "ಆವತ್ತು ಬಾಗಿಲ ಚಿಲಕ ತೆಗೆಯೋಕಾಗದೆ ಒಳಗೇ ಅತ್ತೆ." "ಆವತ್ತು ನೀವು ತಲೆ ಬಾಚಿದ್ರಿ, ಬೈತಲೆ ಸೊಟ್ಟ." ಅದಕ್ಕೆ ಕಾಲಮ್ಮಿಲ್ಲ. ಅಂಚಿನಲ್ಲಿ ಬರೆದೆ. ಸಿಸ್ಟರ್ ಬಯ್ದರೆ ಬಯ್ಯಲಿ.

ಪ್ರತಿ ಗೆರೆಯ ಪಕ್ಕಕ್ಕೂ ಅವಳು ಸಹಿ ಹಾಕಿದಳು. ಕೊನೆಕೊನೆಗೆ ಕೈ ನೋಯುತ್ತಿತ್ತು. ನಾನು ಮಣಿಕಟ್ಟನ್ನು ಕೆಳಗಿನಿಂದ ಹಿಡಿದುಕೊಂಡೆ.

ಮೇ ೯, ಗುರುವಾರ

ಮನೆಗೆ ಬಂದಿದ್ದೇವೆ. ಕಡಿಮೆ ಡೋಸು ಶುರುವಾಗಿ ಮೂರು ದಿನ.

ಬೆಳಿಗ್ಗೆ ನೀರು ಕೊಟ್ಟೆ. ಕುಡಿದಳು. ಬಿಸಿಲು ಬೀಳದ ಕಡೆ ಕುರ್ಚಿ ಹಾಕಿದೆ. ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಿದ್ದಳು, ನಾನೂ ಕೂತೆ. ಕಚೇರಿಗೆ ಹೊತ್ತಾಗಿದ್ದು ಗೊತ್ತಾಗಲಿಲ್ಲ.

ಸಂಜೆ ಪುಸ್ತಕ ತೆಗೆದೆ.

"ನೋವು?"

"ಎರಡು."

ಬರೆಯಲಿಲ್ಲ. ಪೆನ್ನು ಹಿಡಿದು ಅವಳ ಮುಖ ನೋಡುತ್ತ ಕೂತೆ. ಅವಳೂ ನೋಡಿದಳು.

"ಸರಿ," ಎಂದಳು. "ನಾಲ್ಕು."

ನಾಲ್ಕು ಬರೆದೆ.